ಮಾತಿನ ಸಂಸ್ಥೆಗೆ ಹಂಚಿಕೆಯಾದ ಸಕ್ಕರೆ ಕೊಠಡಿಯ ಕುರಿತು

ಸ್ಥಳ ನಿಗದಿ ವಿಭಾಗ
ಜೀವವೈದ್ಯಕೀಯ ಸಂಶೋಧನಾ ಆವರಣ
(ಬೆಳೆಯುತ್ತಿದೆ, ಬಾಗಿಲಿನಿಂದ ದೂರ ನಿಲ್ಲಿ)

ಸಂಖ್ಯೆ: ಸ್ಥನಿವಿ/ಎಲ್ಲಿದೆ/ಇರಬಹುದು/೧೭-ಆ
ದಿನಾಂಕ: ಹದಿನೇಳನೆಯ ಕಟ್ಟಡ ಎದ್ದ ಮೇಲೆ, ಹದಿನೆಂಟನೆಯದು ಏಳುವ ಮುನ್ನ

ಸುತ್ತೋಲೆ

ವಿಷಯ: ಮಾತಿನ ಸಂಸ್ಥೆಯು ಆವರಣದಲ್ಲಿ ಎಲ್ಲಿದೆ ಎಂಬುದನ್ನು ಯಾರೂ ಯಾರಿಗೂ ಹೇಳದಂತೆ ಈ ಹಿಂದೆ ವಿಧಿಸಿದ್ದ ನಿಯಮಗಳು, ಅವು ಮುರಿದುಬಿದ್ದ ಬಗೆ ಹಾಗೂ ಮುಂದಿನ ಕ್ರಮ.

ಉಲ್ಲೇಖ:
(೧) ಈ ವಿಭಾಗದ ಹಿಂದಿನ ಸುತ್ತೋಲೆ (ಯಾರೂ ಓದಿರುವುದಿಲ್ಲ).
(೨) ಅದನ್ನು ಓದಬೇಕೆಂದು ಹೊರಡಿಸಿದ ಸುತ್ತೋಲೆ (ಅದನ್ನೂ).
(೩) ಲಿಫ್ಟ್ ಬರುತ್ತಿಲ್ಲವೆಂಬ ದೂರುಗಳು, ಒಂದು ಗೋಣಿಚೀಲ.
(೪) ಕಂಡಕ್ಟರ್ ಅವರ ಹೆಂಡತಿಯ ಮೌಖಿಕ ಮನವಿ. ಮೂರನೆಯ ಮಹಡಿಯಲ್ಲಿ ಸಲ್ಲಿಸಿದ್ದು, ನೆಲಮಹಡಿಯಲ್ಲಿ ಸ್ವೀಕೃತವಾಗಿದೆ.

ಪ್ರಸ್ತಾವನೆ:

ಸಮಸ್ತ ಸಂಸ್ಥೆಗಳಿಗೂ, ಸಿಬ್ಬಂದಿಗೂ, ದಾರಿ ತಪ್ಪಿ ಒಳಗೆ ಬಂದು ಇನ್ನೂ ಹೊರಗೆ ಹೋಗಲಾಗದ ಸಾರ್ವಜನಿಕರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಆವರಣದಷ್ಟು ಬೇಗ ಬೆಳೆಯುವ ಆವರಣವು ಭೂಮಂಡಲದಲ್ಲಿ ಮತ್ತೊಂದಿಲ್ಲ. ಕಾಫಿ ಕುಡಿಯಲು ಹೋದವರು ಬಾಯಿ ಒರೆಸಿಕೊಂಡು ಹಿಂದಿರುಗುವಷ್ಟರಲ್ಲಿ ಅವರ ಕಿಟಕಿಯೆದುರು ಎರಡು ಮಹಡಿ ಎದ್ದಿರುತ್ತದೆ. ಜೀವಕೋಶ ಒಡೆದು ಎರಡಾಗುವುದನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದ ಸಂಶೋಧಕರೊಬ್ಬರು ತಲೆಯೆತ್ತಿದಾಗ ಜೀವಕೋಶ ಹಾಗೆಯೇ ಇದ್ದು, ಪ್ರಯೋಗಾಲಯವೇ ಎರಡಾಗಿದ್ದುದು ಕಂಡುಬಂದಿರುತ್ತದೆ. ಆವರಣದ ನಕ್ಷೆಯು ಶಾಯಿ ಒಣಗುವ ಮೊದಲೇ ಹಳತಾಗುತ್ತಿರುವುದರಿಂದ ಒದ್ದೆ ನಕ್ಷೆಗೆ ಮಾತ್ರ ಮಾನ್ಯತೆ ಇರುತ್ತದೆ.

ಇಷ್ಟೆಲ್ಲ ಬೆಳೆದರೂ ಯಾವ ಸಂಸ್ಥೆ ಎಲ್ಲಿರಬೇಕೆಂಬ ಜಗಳ ಮಾತ್ರ ಕಟ್ಟಡಕ್ಕಿಂತ ಒಂದು ಮಹಡಿ ಎತ್ತರವೇ ಇತ್ತು. ಕಿಟಕಿಯಿರುವ ಕೊಠಡಿಗಾಗಿ ಇಬ್ಬರು ಹೃದ್ರೋಗ ತಜ್ಞರು ಒಬ್ಬರ ರಕ್ತದೊತ್ತಡವನ್ನು ಇನ್ನೊಬ್ಬರು ಏರಿಸಿ ಒಂದೇ ವಾರ್ಡಿಗೆ ಸೇರಿದ ಮೇಲೆ, ವಶೀಲಿ, ಹಿರಿತನ, ಕಣ್ಣೀರು ಯಾವುದಕ್ಕೂ ಎಡೆಯಿಲ್ಲದಂತೆ ಕೊಠಡಿಗಳನ್ನು ವೈಜ್ಞಾನಿಕವಾಗಿ ಹಂಚಲು ವಿಭಾಗವು ತೀರ್ಮಾನಿಸಿತು. ಹೊಸ ಔಷಧವನ್ನು ಪರೀಕ್ಷಿಸುವಾಗ ಅರ್ಧ ಜನರಿಗೆ ನಿಜವಾದ ಮಾತ್ರೆಯನ್ನೂ ಇನ್ನರ್ಧ ಜನರಿಗೆ ಅದೇ ಬಣ್ಣದ ಸಕ್ಕರೆ ಮಾತ್ರೆಯನ್ನೂ ಕೊಟ್ಟು, ಯಾರು ಏನು ನುಂಗಿದರೆಂಬುದು ನುಂಗಿದವರಿಗೂ ನುಂಗಿಸಿದವರಿಗೂ ತಿಳಿಯದಂತೆ ಮಾಡುವುದು ನಮ್ಮಲ್ಲಿ ಒಲೆ ಹಚ್ಚಿದಷ್ಟೇ ಸಹಜವಾದ ಕೆಲಸ. ಅದೇ ಪದ್ಧತಿಯನ್ನು ಕೊಠಡಿಗಳಿಗೂ ಅನ್ವಯಿಸಲಾಯಿತು. ಹೀಗೊಂದು ಆಲೋಚನೆ ಬೇರೆ ಯಾವ ಆವರಣದ ತಲೆಗೂ ಹೊಳೆದಿಲ್ಲವೆಂಬುದನ್ನು ಹೆಮ್ಮೆಯಿಂದ ದಾಖಲಿಸಲಾಗಿದೆ. ಏಕೆ ಹೊಳೆದಿಲ್ಲವೆಂಬುದನ್ನು ಪರಿಶೀಲಿಸಲಾಗುತ್ತಿದೆ.

ಆ ಸಂಬಂಧದ ನಿಯಮಗಳು ಹಾಗೂ ನಡೆದ ಸಂಗತಿಗಳು ಈ ಕೆಳಕಂಡಂತಿರುತ್ತವೆ.

೧. ಚೀಟಿ ಎತ್ತಿ ಅರ್ಧ ಸಂಸ್ಥೆಗಳಿಗೆ ‘ನಿಜ ಕೊಠಡಿ’ಯನ್ನೂ ಇನ್ನರ್ಧಕ್ಕೆ ‘ಸಕ್ಕರೆ ಕೊಠಡಿ’ಯನ್ನೂ ಹಂಚತಕ್ಕದ್ದು. ಸಕ್ಕರೆ ಕೊಠಡಿ ಎಂದರೆ ಖಾಲಿ ಗೋಡೆಗೆ ಕೂರಿಸಿದ ಬಾಗಿಲು. ಬಾಗಿಲು ಅಸಲಿ, ಅದರ ಮೇಲಿನ ಸಂಖ್ಯೆ ಅಸಲಿ, ಹಿತ್ತಾಳೆಯ ಹಿಡಿ ಅಸಲಿ. ಹಿಂದೆ ಕೊಠಡಿ ಮಾತ್ರ ಇರುವುದಿಲ್ಲ. ಬೀಗದ ತೂತಿರುತ್ತದೆ, ಬೀಗವಿರುವುದಿಲ್ಲ. ಕೊಡಲಾಗುವ ಕೀಲಿ ಆ ತೂತಿನಲ್ಲಿ ಗಿರಗಿರನೆ ತಿರುಗುತ್ತಿರುತ್ತದೆ. ತಿರುಗಿಸಿದವರಿಗೆ ಇನ್ನೇನು ತೆರೆಯಿತು ಎಂಬ ನೆಮ್ಮದಿ ಸಿಗತಕ್ಕದ್ದು.

೨. ತಮಗೆ ಸಿಕ್ಕಿರುವುದು ನಿಜವೋ ಸಕ್ಕರೆಯೋ ಎಂಬುದನ್ನು ಸಂಸ್ಥೆಗಳು ಊಹಿಸತಕ್ಕದ್ದಲ್ಲ. ಗೋಡೆಗೆ ಹಣೆ ಬಡಿದ ಮಾತ್ರಕ್ಕೆ ತೀರ್ಮಾನಕ್ಕೆ ಬರುವುದು ಅವೈಜ್ಞಾನಿಕ. ಬಡಿಯದವರ ಹಣೆಯೊಂದಿಗೆ ಹೋಲಿಸಿ ನೋಡಿದ ನಂತರವೇ ನೋವನ್ನು ಒಪ್ಪಲಾಗುವುದು.

೩. ಯಾರಿಗೆ ಏನು ಸಿಕ್ಕಿದೆ ಎಂಬುದು ಆವರಣದ ಸಂಖ್ಯಾಶಾಸ್ತ್ರಜ್ಞರೊಬ್ಬರಿಗೆ ಮಾತ್ರ ಗೊತ್ತಿರತಕ್ಕದ್ದು. ಅವರು ಒಮ್ಮೆ ಹುಬ್ಬು ಹಾರಿಸಿದ್ದರಿಂದ ಮೂರು ಸಂಸ್ಥೆಗಳು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದ ಕಾರಣ, ಸದರಿಯವರು ಹಗಲಿನಲ್ಲಿ ಕಪ್ಪು ಕನ್ನಡಕ ಧರಿಸತಕ್ಕದ್ದು, ತೋರುಬೆರಳನ್ನು ಜೇಬಿನಲ್ಲಿಡತಕ್ಕದ್ದು. ತಮ್ಮ ಮನೆಗೂ ಅವರು ನೇರವಾಗಿ ಹೋಗತಕ್ಕದ್ದಲ್ಲ. ನಡೆದ ದಿಕ್ಕಿನಿಂದ ಜನ ಏನಾದರೂ ಊಹಿಸಿಯಾರು.

೪. ಆವರಣದಲ್ಲಿ ಯಾರೂ ಯಾರಿಗೂ ದಾರಿ ಹೇಳತಕ್ಕದ್ದಲ್ಲ. ‘ಎಲ್ಲಿದೆ’ ಎಂದು ಕೇಳುವುದು ನಿಷಿದ್ಧ. ‘ಎಲ್ಲಿರಬಹುದು’ ಎಂದು ಕೇಳಬಹುದು. ಅದಕ್ಕೆ ‘ಇರಬಹುದು’ ಎಂದು ಉತ್ತರಿಸಬಹುದು. ಬಾಣದ ಗುರುತಿನ ಫಲಕಗಳಲ್ಲಿ ಅರ್ಧ ಸಕ್ಕರೆ ಬಾಣಗಳಾಗಿರುತ್ತವೆ.

೫. ಶೌಚಾಲಯಗಳಿಗೂ ಇದೇ ಪದ್ಧತಿಯನ್ನು ಅನ್ವಯಿಸಲಾಗಿತ್ತು. ಮೊದಲ ಬೆಳಗ್ಗೆಯೇ, ಮಾನವೀಯತೆಯ ಆಧಾರದ ಮೇಲೆ, ಕೈಬಿಡಲಾಯಿತು.

೬. ತಾನು ಹಾಕಿದ ನಿಯಮಕ್ಕೆ ತಾನೇ ಹೊರತಾಗಬಾರದೆಂಬ ದೊಡ್ಡ ಮನಸ್ಸಿನಿಂದ ಈ ವಿಭಾಗವು ತನ್ನ ಚೀಟಿಯನ್ನೂ ಡಬ್ಬಿಗೆ ಹಾಕಿತ್ತು. ನೆಲಮಹಡಿಯಲ್ಲಿ ಅದಕ್ಕೆ ದೊರೆತ ಕೊಠಡಿಯಂಥದ್ದು ಮತ್ತೊಂದಿಲ್ಲ. ಕೊಂಚ ಇಕ್ಕಟ್ಟು, ನಿಜ. ಮುಖ್ಯಸ್ಥರು ಕುಳಿತರೆ ಗುಮಾಸ್ತರು ನಿಲ್ಲಬೇಕು. ಆದರೆ ಮೂರು ಗೋಡೆಗೂ ಉಕ್ಕಿನ ಹೊದಿಕೆ, ಹಿಂದೆ ಆಳೆತ್ತರದ ಕನ್ನಡಿ, ಜವಾನನನ್ನು ಕರೆಯಲು ಕೆಂಪು ಗುಂಡಿಯ ಗಂಟೆ, ಬಾಗಿಲ ಪಕ್ಕದಲ್ಲಿ ಏಕೆಂದು ತಿಳಿಯದ, ಆದರೆ ನೋಡಲು ಚೆಂದವಾದ, ಅಂಕಿಗಳ ಸಾಲು. ಬಾಗಿಲಂತೂ ತನ್ನಷ್ಟಕ್ಕೆ ತಾನೇ ಮುಚ್ಚಿಕೊಳ್ಳುವಷ್ಟು ಆಧುನಿಕ. ಪದೇ ಪದೇ ಮುಚ್ಚಿಕೊಳ್ಳಲು ಬರುತ್ತಿದ್ದುದರಿಂದ ಕಡತಗಳ ಬೀರುವನ್ನು ಅದಕ್ಕೆ ಅಡ್ಡ ಇರಿಸಲಾಗಿತ್ತು.

೭. ಇದೇ ಅವಧಿಯಲ್ಲಿ ಆ ಕಟ್ಟಡದ ಲಿಫ್ಟ್ ಬರುವುದು ನಿಂತುಹೋಯಿತು. ಕಾರಣವನ್ನು ಪತ್ತೆಹಚ್ಚಲು ವಿಭಾಗವು ತನ್ನ ಕೊಠಡಿಯಲ್ಲಿಯೇ ಹಲವು ಸಭೆಗಳನ್ನು ನಡೆಸಿತು. ಪತ್ತೆಯಾಗಲಿಲ್ಲ. ಎಲ್ಲರೂ ಮೆಟ್ಟಿಲು ಹತ್ತತಕ್ಕದ್ದೆಂದೂ ಅದು ಹೃದಯಕ್ಕೆ ಒಳ್ಳೆಯದೆಂದೂ ಸೂಚಿಸಲಾಯಿತು.

೮. ಹೀಗಿರುವಲ್ಲಿ ಮಾತಿನ ಸಂಸ್ಥೆಗೆ ಮೂರನೆಯ ಮಹಡಿಯಲ್ಲಿ, ಹಿಂಬದಿ ಮೆಟ್ಟಿಲ ತಿರುವಿನಲ್ಲಿರುವ ಬಾಗಿಲು ಹಂಚಿಕೆಯಾಯಿತು. ಗಂಟಲಿಗೆ ಕ್ಯಾನ್ಸರ್ ಹುಣ್ಣು ಬಂದು ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರಿಗೆ ಮತ್ತೆ ಮಾತು ಕಲಿಸುವುದು ಸದರಿ ಸಂಸ್ಥೆಯ ಕೆಲಸ. ಕಾಗದದಲ್ಲಿ ಅದಕ್ಕೆ ಅಧ್ಯಕ್ಷರು, ಸಲಹಾ ಮಂಡಳಿ, ಪೋಷಕರು ಎಲ್ಲ ಇದ್ದಾರೆ. ಕೆಲಸದಲ್ಲಿ ಒಬ್ಬರೇ ಟೀಚರ್ ಇದ್ದಾರೆ. ಗಂಟಲಲ್ಲಿ ಪೆಟ್ಟಿಗೆ ಇಲ್ಲದ ಮೇಲೆ ಗಾಳಿಯನ್ನು ನುಂಗಿ, ಅದನ್ನು ತೇಗಿನಂತೆ ಮೇಲೆ ತಂದು, ಬರುವ ತೇಗನ್ನು ನಾಲಿಗೆ ತುಟಿಗಳಲ್ಲಿ ಹಿಡಿದು ಮಾತಾಗಿ ತಿದ್ದುವುದು ಅವರು ಕಲಿಸುವ ವಿದ್ಯೆ. ಆದ್ದರಿಂದ ಆವರಣವಿಡೀ ಅವರನ್ನು ‘ತೇಗಿನ ಟೀಚರ್’ ಎಂದೇ ಕರೆಯುತ್ತದೆ. ಆಕೆ ತಿರುಗಿ ‘ಏನು’ ಎನ್ನುವುದೂ ಆ ಹೆಸರಿಗೇ.

೯. ಟೀಚರ್ ಕೀಲಿ ಹಾಕಿದರು, ಅದು ಗಿರಗಿರನೆ ತಿರುಗಿತು. ಬಾಗಿಲನ್ನು ಎಳೆದರು, ತಳ್ಳಿದರು, ಭುಜ ಕೊಟ್ಟರು, ಬಂಡೆ. ನೆಮ್ಮದಿ ಸಿಕ್ಕಿದ ಬಗ್ಗೆ ವರದಿ ಇಲ್ಲ. ಎಲ್ಲಿ ಕೇಳಿದರೂ ‘ಇರಬಹುದು’ ಎಂಬ ಉತ್ತರವೇ ಬಂದುದರಿಂದ ಆಕೆ ಆ ಬಾಗಿಲಿಗೇ ಒಂದು ಮೊಳೆ ಹೊಡೆದು ಕನ್ನಡಿ ತೂಗುಹಾಕಿ, ತಿರುವಿನಲ್ಲೇ ಎರಡು ಕುರ್ಚಿ ಇಟ್ಟು ಪಾಠ ಶುರುಮಾಡಿಬಿಟ್ಟರು. ಕಲಿಯುವವರು ತಮ್ಮ ಬಾಯಿಯನ್ನು ತಾವು ನೋಡಿಕೊಳ್ಳಲು ಕನ್ನಡಿ ಬೇಕಂತೆ. ಇದು ಹಂಚಿಕೆಯಾದ ಬಾಗಿಲಿನ ದುರ್ಬಳಕೆಯಾಗಿದ್ದು, ಮೊಳೆಯ ಬಗ್ಗೆ ಪ್ರತ್ಯೇಕ ಕಡತ ತೆರೆಯಲಾಗಿದೆ.

೧೦. ಆ ಕುರ್ಚಿಯ ಮೇಲೆ ಎಲ್ಲರಿಗಿಂತ ಹೆಚ್ಚು ಕಾಲ ಕುಳಿತು ಎಲ್ಲರಿಗಿಂತ ಕಡಿಮೆ ಕಲಿತವರು ನಿವೃತ್ತ ಬಸ್ ಕಂಡಕ್ಟರೊಬ್ಬರು. ಕೆಲಸದಲ್ಲಿದ್ದಾಗ ಇವರು ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಎದುರಿನಿಂದ ಬರುತ್ತಿದ್ದ ಬಸ್ಸಿನ ಪ್ರಯಾಣಿಕರೂ ಚಿಲ್ಲರೆ ತೆಗೆದಿಟ್ಟುಕೊಳ್ಳುತ್ತಿದ್ದರೆಂದು ಪ್ರತೀತಿ. ಈಗ ಕೊರಳಲ್ಲಿ ಒಂದು ಸ್ಲೇಟು. ಗಾಳಿ ನುಂಗುವುದು ಬಂತು, ಮೇಲೆ ತರುವುದೂ ಬಂತು. ಅದು ತುಟಿಗೆ ಬರುವ ಹೊತ್ತಿಗೆ ಸರಿಯಾಗಿ ಬಾಯಿ ಮುಚ್ಚಿಕೊಂಡುಬಿಡುತ್ತಿದ್ದರು. ಮರ್ಯಾದಸ್ಥರು, ನಾಲ್ಕು ಜನ ಓಡಾಡುವ ಜಾಗದಲ್ಲಿ ತೇಗುವುದಕ್ಕೆ ನಾಚಿಕೆ. ಟೀಚರಿಗೆ ಒಂದು ಮುಚ್ಚಿದ ಕೊಠಡಿ ಬೇಕಾಗಿದ್ದುದು ಇಷ್ಟಕ್ಕೇ. ಕಿಟಕಿ ಬೇಡ, ಪಂಖ ಬೇಡ, ಒಬ್ಬ ಮನುಷ್ಯ ನಾಚದೆ ತೇಗುವಷ್ಟು ಜಾಗ.

೧೧. ಸದರಿ ಕಂಡಕ್ಟರ್ ಅವರ ಹೆಂಡತಿ ಪ್ರತಿಸಲವೂ ಜೊತೆಯಲ್ಲಿ ಬಂದು ಮೆಟ್ಟಿಲ ಮೇಲೆ ಕುಳಿತು ಇಬ್ಬರ ಪಾಲಿನ ಮಾತನ್ನೂ ಒಬ್ಬರೇ ಆಡುತ್ತಿದ್ದರು. ಮದುವೆಯಾದಂದಿನಿಂದ ಊಟವಾದ ಮೇಲೆ ತೇಗಬೇಡಿ, ನೆಂಟರ ಮುಂದೆ ಮಾನ ಹೋಗುತ್ತದೆ ಎಂದು ಬೈದು ಬೈದು ಆ ಅಭ್ಯಾಸ ಬಿಡಿಸಿದವರೇ ತಾವೆಂದೂ, ಈಗ ತೇಗಿ ತೇಗಿ ಎಂದು ಕೈಮುಗಿಯುವ ಗತಿ ಬಂತೆಂದೂ ಅವರು ಹೋಗಿಬರುವವರಿಗೆಲ್ಲ ಹೇಳಿಕೊಂಡಿರುತ್ತಾರೆ. ಮನೆಯಲ್ಲಿ ಜಗಳಕ್ಕೆ ನಿಂತರೆ ಗಂಡ ಸ್ಲೇಟು ಒರೆಸಿ, ಬಳಪ ಹುಡುಕಿ, ಬರೆದು ತೋರಿಸುವಷ್ಟರಲ್ಲಿ ತಮಗೆ ಸಿಟ್ಟೇ ಇಳಿದುಹೋಗಿರುತ್ತದಂತೆ. ಉಲ್ಲೇಖ (೪)ರ ಮನವಿಯ ಮುಖ್ಯ ಭಾಗವನ್ನು ಅವರದೇ ಮಾತಿನಲ್ಲಿ ದಾಖಲಿಸಲಾಗಿದೆ: “ಒಬ್ಬಳೇ ಜಗಳ ಆಡಿ ಆಡಿ ಸಾಕಾಗಿದೆ ಸಾರ್. ದಿನಾ ನಾನೇ ಗೆಲ್ತೀನಿ. ಗೆದ್ರೆ ಒಂದು ರುಚಿ ಇಲ್ಲ.”

೧೨. ಈ ನಡುವೆ ಮೆಟ್ಟಿಲಲ್ಲಿ ತೇಗು ಕೇಳಿಸುತ್ತಿದೆಯೆಂದು ದೂರು ಬಂದ ಮೇರೆಗೆ, ಮೆಟ್ಟಿಲ ತಿರುವುಗಳಲ್ಲಿ ತೇಗುವುದನ್ನು ನಿಷೇಧಿಸಲಾಯಿತು. ಅನಿವಾರ್ಯವಾದಲ್ಲಿ ಮೂರು ಪ್ರತಿಗಳಲ್ಲಿ ಮುಂಗಡ ಅನುಮತಿ ಪಡೆಯತಕ್ಕದ್ದು. ತೇಗು ಬಂದ ಮೇಲೆ ಸಲ್ಲಿಸಿದ ಅರ್ಜಿಯನ್ನು ಪರಿಗಣಿಸಲಾಗುವುದಿಲ್ಲ. ಒಂದು ಅನುಮತಿಗೆ ಒಂದೇ ತೇಗು. ಅರ್ಧಕ್ಕೆ ನಿಂತ ತೇಗನ್ನು ಮುಂದಿನ ತಿಂಗಳಿಗೆ ಒಯ್ಯಲು ಅವಕಾಶವಿಲ್ಲ. ನಾಲ್ಕನೆಯ ಮಹಡಿಯ ಜೀರ್ಣಾಂಗ ಸಂಸ್ಥೆಯವರು ಮಾತ್ರ ಈ ನಿಷೇಧದ ವಿರುದ್ಧ ಬರೆದರು. ಇಷ್ಟು ಒಳ್ಳೆಯ ತೇಗುಗಳು ತಮ್ಮಲ್ಲಿ ಕಾಸು ಕೊಟ್ಟರೂ ಸಿಗುವುದಿಲ್ಲವೆಂಬುದು ಅವರ ವಾದವಾಗಿತ್ತು.

೧೩. ಅಷ್ಟರಲ್ಲಿ ಮಾನ್ಯತಾ ತಪಾಸಣಾ ತಂಡ ಬರುವುದು ಗೊತ್ತಾಯಿತು. ತಂಡ ಬಂದಾಗ ಸಂಸ್ಥೆಯು ತನಗೆ ಹಂಚಿದ ಕೊಠಡಿಯ ಒಳಗೆ ಕಾಣಸಿಗಬೇಕು. ಸಿಗದಿದ್ದರೆ ಮಾನ್ಯತೆ ರದ್ದು. ಕಲಿಯುತ್ತಿದ್ದವರ ಹೆಸರುಗಳು ನದಿಯಾಚೆಯ ದೊಡ್ಡಾಸ್ಪತ್ರೆಯ ಕಾಯುವ ಪಟ್ಟಿಗೆ ಹೋಗುತ್ತವೆ. ಆ ಪಟ್ಟಿಯಲ್ಲಿ ತಮ್ಮವರ ಸರದಿ ಬಂದು ಅವರು ಬಾಯಿ ಬಿಡುವ ಹೊತ್ತಿಗೆ ತಮಗೆ ಕಿವಿ ಕೇಳಿಸುವುದಿಲ್ಲವೆಂದು ಕಂಡಕ್ಟರ್ ಅವರ ಹೆಂಡತಿ ಅಭಿಪ್ರಾಯಪಟ್ಟರು. ಕಂಡಕ್ಟರ್ ಸ್ಲೇಟಿನ ಮೇಲೆ ಏನೋ ಬರೆಯಹೋಗಿ, ಅರ್ಧಕ್ಕೇ ಒರೆಸಿಬಿಟ್ಟರು.

೧೪. ಟೀಚರ್ ವಿಭಾಗಕ್ಕೆ ಖುದ್ದಾಗಿ ಬಂದು, ಬೀರುವಿನ ಪಕ್ಕದಿಂದ ಅಡ್ಡಡ್ಡವಾಗಿ ನುಸುಳಿ, ತಮಗೆ ನಾಲ್ಕು ಗೋಡೆಯ ಒಂದು ನಿಜವಾದ ಕೊಠಡಿ ಬೇಕೆಂದು ಕೇಳಿದರು. ಪ್ರಯೋಗದ ನಡುವೆ ಮಾತ್ರೆ ಬದಲಿಸಲಾಗದು, ಬದಲಿಸಿದರೆ ವಿಜ್ಞಾನ ಹಾಳಾಗುತ್ತದೆ ಎಂದು ಮುಖ್ಯಸ್ಥರು ಅವರಿಗೆ ಮನವರಿಕೆ ಮಾಡಿಕೊಡಲು ಯತ್ನಿಸಿದರು. ಅಲ್ಲದೆ, ಹಂಚಿದ ಬಾಗಿಲು ತೆರೆಯದಿದ್ದರೂ ನಿದ್ರಾ ಸಂಶೋಧನಾ ಸಂಸ್ಥೆಯವರು ಕಾರಿಡಾರಿನಲ್ಲೇ ಚಾಪೆ ಹಾಸಿ ಆವರಣದಲ್ಲೇ ಅತ್ಯುತ್ತಮವಾಗಿ ನಿದ್ರಿಸುತ್ತಿರುವುದನ್ನು ಆದರ್ಶವಾಗಿ ತೋರಿಸಿದರು. ಅದಕ್ಕೆ ಆಕೆ ಹೇಳಿದ್ದನ್ನು ಅಶಿಸ್ತಿನ ಕಡತದಲ್ಲಿ ಇದ್ದಂತೆಯೇ ನಮೂದಿಸಲಾಗಿದೆ: “ನನ್ನ ಹತ್ರ ಕಲಿಯೋರಿಗೆ ಮಾತಿಲ್ಲ, ನಿಮ್ಮ ಹತ್ರ ಉತ್ತರ ಇಲ್ಲ. ಅವರಿಗಾದ್ರೂ ನಾನು ಕಲಿಸಬಲ್ಲೆ ಸಾರ್.” ಹೊರಡುವ ಮುನ್ನ ಆಕೆ ನಮ್ಮ ಕನ್ನಡಿಯನ್ನೂ, ಅಂಕಿಗಳ ಸಾಲನ್ನೂ, ಮೇಲಿನ ಸೀಲಿಂಗನ್ನೂ ಒಂದೊಂದಾಗಿ ನೋಡಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದುಕೊಂಡರು. ದುಃಖ ಉಮ್ಮಳಿಸಿರಬೇಕೆಂದು ವಿಭಾಗವು ಆಗ ಭಾವಿಸಿತ್ತು.

೧೫. ತಪಾಸಣೆಯ ದಿನ ತಂಡದವರು ಲಿಫ್ಟಿಗಾಗಿ ಎರಡನೆಯ ಕಾಫಿ ಮುಗಿಯುವವರೆಗೂ ಕಾದು, ಕೊನೆಗೆ ಹಿಂಬದಿ ಮೆಟ್ಟಿಲು ಹಿಡಿದರು. ಅವರ ಹಿಂದೆ ಮುಖ್ಯಸ್ಥರು, ಮುಖ್ಯಸ್ಥರ ಹಿಂದೆ ಕಡತ ಹೊತ್ತ ಗುಮಾಸ್ತರು, ಅವರ ಹಿಂದೆ ಕಪ್ಪು ಕನ್ನಡಕದ ಸಂಖ್ಯಾಶಾಸ್ತ್ರಜ್ಞರು. ಮೇಲಿನಿಂದ ಜೀರ್ಣಾಂಗ ಸಂಸ್ಥೆಯವರು ತೇಗು ಅಳೆಯುವ ಯಂತ್ರವನ್ನು ಹೊತ್ತು ಇಳಿಯುತ್ತಿದ್ದರು. ಮೂರನೆಯ ಮಹಡಿಯ ತಿರುವಿನಲ್ಲಿ ಎಲ್ಲರೂ ಸಂಧಿಸಿದರು. ಎರಡು ಕುರ್ಚಿಯ ಜಾಗದಲ್ಲಿ ಅಷ್ಟು ಪದವಿಗಳು ಹಿಂದೆಂದೂ ಸೇರಿರಲಿಲ್ಲ. ಮೇಲೆ ಹೋಗುವವರು ಹೋಗುವಂತಿಲ್ಲ, ಇಳಿಯುವವರು ಇಳಿಯುವಂತಿಲ್ಲ; ತಂಡದ ಅಧ್ಯಕ್ಷರ ಮೊಣಕೈ ಮುಖ್ಯಸ್ಥರ ಪಕ್ಕೆಯಲ್ಲಿ, ಮುಖ್ಯಸ್ಥರ ಬೆನ್ನು ಬಾಗಿಲ ಮೇಲಿನ ಕನ್ನಡಿಗೆ. ಕೊಠಡಿ ಎಲ್ಲಿ ಎಂದು ಅಧ್ಯಕ್ಷರು ಕೇಳಿದರು. ಕಂಡಿಕೆ ೪ರ ಮೇರೆಗೆ ಎಲ್ಲರೂ ‘ಇರಬಹುದು’ ಎಂದರು. ಟೀಚರ್ ಮಾತ್ರ ತಮ್ಮ ಕುರ್ಚಿಯನ್ನು ಮಡಚತೊಡಗಿದರು.

೧೬. ಆ ಇಕ್ಕಟ್ಟು, ಆ ಬೆವರು, ಬಾಗಿಲಿಗೆ ಅಂಟಿಕೊಂಡು ನಿಂತ ಆ ಜನ. ಇದನ್ನು ನೋಡುತ್ತ ಕಂಡಕ್ಟರ್ ಕುರ್ಚಿಯಿಂದ ಎದ್ದರು. ಅವರ ಕೈ ತಾನಾಗಿ ಮೇಲಕ್ಕೆ ಹೋಗಿ ಇಲ್ಲದ ಕಂಬಿಯನ್ನು ಹಿಡಿಯಿತು. ಒಂದು ದೊಡ್ಡ ಗುಟುಕು ಗಾಳಿ ನುಂಗಿದರು. ಮುಂಗಡ ಅನುಮತಿ ಪಡೆದಿರಲಿಲ್ಲ. ಈ ಸಲ ಅವರಿಗೆ ಬಾಯಿ ಮುಚ್ಚಿಕೊಳ್ಳುವುದು ಮರೆತುಹೋಯಿತು. ಜನರನ್ನು ಒಳಗೆ ಕಳಿಸುವಾಗ ನಾಚಿಕೊಂಡ ಕಂಡಕ್ಟರನ್ನು ಈವರೆಗೆ ಯಾರೂ ಕಂಡಿಲ್ಲ. ಮುರುಕು ಮರದ ಗಾಣ ತಿರುಗಿದಂಥ, ಆದರೆ ನೆಲಮಹಡಿಗೂ ಸ್ಪಷ್ಟವಾಗಿ ಕೇಳಿಸಿದ ಧ್ವನಿಯಲ್ಲಿ ಹೊರಬಂದ ಮಾತು ಇದು:

“ಒಳಗೆ ಹೋಗ್ರೀ. ಒಳಗೆ ಜಾಗ ಇದೆ. ಬಾಗ್ಲಲ್ಲಿ ನಿಲ್ಬೇಡಿ.”

೧೭. ಒಳಗೆ ಜಾಗವಿದೆಯೆಂಬುದು ಅವರಿಗೆ ಗೊತ್ತಿರಲಿಲ್ಲ. ನೋಡದೆಯೇ ಹೀಗೆ ಹೇಳುವುದು ಆ ವೃತ್ತಿಯ ಹುಟ್ಟುಗುಣ. ಇದೇ ವಿಧಾನವನ್ನು ಈ ವಿಭಾಗವೂ ಪಾಲಿಸುತ್ತ ಬಂದಿದ್ದು, ತಾನು ಹೇಳಿದ್ದು ಈವರೆಗೆ ಒಮ್ಮೆಯೂ ನಿಜವಾಗಿರಲಿಲ್ಲವೆಂಬುದಷ್ಟೇ ವ್ಯತ್ಯಾಸ. ಆದರೆ ಆ ದನಿಗೆ ಎದುರಾಡಿದ ಪ್ರಯಾಣಿಕನುಂಟೆ? ಪದವಿ, ವಯಸ್ಸು, ಮಹಡಿಗಳ ಭೇದವಿಲ್ಲದೆ ಎಲ್ಲರೂ ಒಟ್ಟಿಗೆ ಒಂದು ಹೆಜ್ಜೆ ಒಳಗೆ ಒತ್ತಿದರು. ಒತ್ತಡವೆಲ್ಲ ಮುಖ್ಯಸ್ಥರ ಮೇಲೆ ಬಿತ್ತು, ಮುಖ್ಯಸ್ಥರು ಬಾಗಿಲ ಮೇಲೆ ಬಿದ್ದರು, ಬಾಗಿಲು ಬೆಣ್ಣೆಯಂತೆ ತೆರೆದುಕೊಂಡಿತು.

೧೮. ಪರಿಶೀಲಿಸಲಾಗಿ ತಿಳಿದುಬಂದದ್ದೇನೆಂದರೆ: ಬಾಗಿಲು ಕೂರಿಸಿದಾಗ ಅದರ ಹಿಂದೆ ಗೋಡೆಯಿದ್ದುದು ನಿಜ. ಆದರೆ ಪ್ರಯೋಗ ನಡೆಯುತ್ತಿದ್ದಾಗಲೇ ಆವರಣ ಬೆಳೆದು, ಹದಿನೇಳನೆಯ ಕಟ್ಟಡ ಹಿಂದಿನಿಂದ ಬಂದು ಆ ಗೋಡೆಗೆ ತಾಗಿ, ಗಾರೆಯವರು ಎರಡನ್ನೂ ಸೇರಿಸಲು ಗೋಡೆ ಒಡೆದಿದ್ದರು. ಬೀಗವಂತೂ ಮೊದಲಿನಿಂದಲೂ ಇರಲಿಲ್ಲ. ಒಮ್ಮೆ ಬಂಡೆಯಂತಿದ್ದ ಬಾಗಿಲನ್ನು ಇನ್ನೊಮ್ಮೆ ತಳ್ಳಿ ನೋಡುವವರಾರು? ಎಲ್ಲರ ಕೈಯಲ್ಲೂ ಕೀಲಿಯಿತ್ತು. ಒಳಗೆ ಸುಣ್ಣದ ವಾಸನೆ ಇನ್ನೂ ಆರದ, ನಾಲ್ಕು ಕಿಟಕಿಗಳ, ಒಂದು ಬಸ್ಸನ್ನೇ ತಿರುಗಿಸಬಹುದಾದಂಥ ಸಭಾಂಗಣವಿತ್ತು. ನೂಕುನುಗ್ಗಲಿನಲ್ಲಿ ಟೀಚರ್, ಕುರ್ಚಿ, ಕಂಡಕ್ಟರ್, ಅವರ ಹೆಂಡತಿ, ತಪಾಸಣಾ ತಂಡ ಎಲ್ಲವೂ ಒಳಗೆ ಸೇರಿದ್ದುದರಿಂದ, ಸಂಸ್ಥೆಯು ತನಗೆ ಹಂಚಿದ ಕೊಠಡಿಯ ಒಳಗೆ ಕಾಣಸಿಕ್ಕಿದೆಯೆಂದು ಅಧ್ಯಕ್ಷರು ನೆಲದ ಮೇಲೆ ಕುಳಿತೇ ಬರೆದರು.

೧೯. ಟೀಚರ್ ಕಿಟಕಿಯ ಕಡೆಗೂ ನೋಡಲಿಲ್ಲ. ಕಂಡಕ್ಟರ್ ಅವರ ಎದುರಿಗೆ ಬಂದು ನಿಂತು, ಗಾಳಿ ನುಂಗಿ ಎಂದು ಕೈಸನ್ನೆ ಮಾಡಿ, ಇನ್ನೊಂದು ಸಲ ಹೇಳಿಸಿದರು. ಮತ್ತೊಂದು ಸಲ ಹೇಳಿಸಿದರು. ಆಮೇಲೆ ಬಾಗಿಲಿನ ಕಡೆ ತಿರುಗಿ ಸ್ವಲ್ಪ ಹೊತ್ತು ಕನ್ನಡಿ ಸರಿಮಾಡುತ್ತಿದ್ದರು. ಕನ್ನಡಿ ಸರಿಯಾಗಿಯೇ ಇತ್ತು.

೨೦. ಕಂಡಕ್ಟರ್ ಅವರ ಹೆಂಡತಿ ನೂಕುನುಗ್ಗಲಿನಲ್ಲಿ ಜಾರಿದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಈ ಕೆಳಗಿನಂತೆ ಹೇಳಿದರು: “ಬಾಯಿ ಬಂದ ತಕ್ಷಣ ನನ್ನ ಕರೀತಾರೆ ಅಂತ ಇಷ್ಟು ದಿನ ಕಾದೆ. ಇವರು ನೋಡಿದ್ರೆ ಊರವರಿಗೆಲ್ಲ ಜಾಗ ತೋರಿಸ್ತಿದಾರೆ.” ಕಂಡಕ್ಟರ್ ಗಾಳಿ ನುಂಗಿ, ಸುಮ್ನೆ ಕೂತ್ಕೊಳ್ಳೇ ಎಂದರು. ಆಕೆ ಕೂರಲಿಲ್ಲ. ಜಗಳ ಹತ್ತಿಕೊಂಡಿತು. ಯಾರು ಗೆದ್ದರೆಂಬುದು ಇತ್ಯರ್ಥವಾಗದೆ, ಮುಂದುವರಿದ ಭಾಗವನ್ನು ಮನೆಗೆ ಕಾಯ್ದಿರಿಸಲಾಯಿತು. ಇಳಿಯುವಾಗ ಆಕೆ ಒಂದೊಂದು ಮೆಟ್ಟಿಲಿಗೂ ನಿಂತು ಒಂದೊಂದು ಹಳೆಯ ತಕರಾರು ತೆಗೆಯುತ್ತಿದ್ದುದನ್ನೂ, ಅವಕ್ಕೆಲ್ಲ ಉತ್ತರ ಬರುತ್ತಿದ್ದುದನ್ನೂ ಕೇಳಿದವರಿದ್ದಾರೆ.

೨೧. ಸಕ್ಕರೆ ಕೊಠಡಿಯು ನಿಜವಾಗಿ ಪರಿಣಾಮ ಬೀರಿದ್ದರಿಂದ ಪ್ರಯೋಗವು ಕೆಟ್ಟಿತೆಂದು ಘೋಷಿಸಿ, ಸಂಖ್ಯಾಶಾಸ್ತ್ರಜ್ಞರು ಕಪ್ಪು ಕನ್ನಡಕ ತೆಗೆದರು. ಬಹುಕಾಲ ಜೇಬಿನಲ್ಲಿದ್ದು ಮರಗಟ್ಟಿದ ತೋರುಬೆರಳನ್ನು ನೀವಿ ನೀವಿ ನೆಟ್ಟಗೆ ಮಾಡಿಕೊಂಡು, ಮುಖ್ಯಸ್ಥರನ್ನು ನೆಲಮಹಡಿಗೆ ಕರೆತಂದು, ನೇರವಾಗಿ ವಿಭಾಗದ ಕಡೆಗೇ ತೋರಿಸಿದರು. “ನಿಮ್ಮದೂ ಸಕ್ಕರೆನೇ ಸಾರ್. ನೀವು ಕೂತಿರೋದು ಲಿಫ್ಟಲ್ಲಿ.” ಬೀರುವನ್ನು ಸರಿಸಲಾಯಿತು. ಬಾಗಿಲು ತಾನಾಗಿ ಮುಚ್ಚಿಕೊಂಡಿತು. ವಿಭಾಗವು ಐದನೆಯ ಮಹಡಿಗೆ ಹೋಯಿತು. ಅಲ್ಲಿ ಗುಂಡಿ ಒತ್ತಿ ಅಷ್ಟು ದಿನದಿಂದ ಕಾಯುತ್ತಿದ್ದವರು ಒಳಗೆ ಬಂದರು.

೨೨. ವಿಚಾರಿಸಲಾಗಿ, ನೆಲಮಹಡಿಯಲ್ಲಿ ಇದನ್ನು ನೋಡಿದವರೆಲ್ಲ, ಲಿಫ್ಟ್ ರಿಪೇರಿಯಾಗುವವರೆಗೂ ವಿಭಾಗವೇ ಖುದ್ದಾಗಿ ಅದರಲ್ಲಿ ಹಟ ಹಿಡಿದು ಕುಳಿತಿದೆಯೆಂದು ಮೆಚ್ಚಿಕೊಂಡಿದ್ದರೆಂದು ತಿಳಿದುಬಂತು. ಟೀಚರಿಗಂತೂ ಕೊಠಡಿ ಕೇಳಲು ವಿಭಾಗಕ್ಕೆ ಬಂದ ದಿನವೇ ಗೊತ್ತಾಗಿತ್ತಂತೆ. ಏಕೆ ಹೇಳಲಿಲ್ಲವೆಂದು ಕೇಳಿದ್ದಕ್ಕೆ, ಯಾರೂ ಯಾರಿಗೂ ದಾರಿ ಹೇಳಬಾರದೆಂಬ ಕಂಡಿಕೆ ೪ ಅನ್ನು ತೋರಿಸಿರುತ್ತಾರೆ. ಆವರಣದಲ್ಲಿ ಆ ಕಂಡಿಕೆಯನ್ನು ವಿಭಾಗದ ವಿಷಯದಲ್ಲೂ ಚಾಚೂತಪ್ಪದೆ ಪಾಲಿಸಿದ ಏಕೈಕ ವ್ಯಕ್ತಿ ಅವರೆಂಬುದನ್ನು ವಿಷಾದದಿಂದ ಶ್ಲಾಘಿಸಲಾಗಿದೆ.

ಆದೇಶ:

ಮೇಲ್ಕಂಡ ಕಾರಣಗಳಿಂದಾಗಿ ಈ ಮೂಲಕ ಆದೇಶಿಸುವುದೇನೆಂದರೆ,

(ಅ) ಮಾತಿನ ಸಂಸ್ಥೆಯು ಮೂರನೆಯ ಮಹಡಿಯ ಹಿಂಬದಿ ತಿರುವಿನ ಬಾಗಿಲ ಒಳಗೆ ಇರುತ್ತದೆ. ‘ಇರಬಹುದು’ ಎನ್ನತಕ್ಕದ್ದಲ್ಲ. ಇದೆ. ಸಭಾಂಗಣದ ಮೇಲೆ ಜೀರ್ಣಾಂಗ ಸಂಸ್ಥೆಯವರು ಸಲ್ಲಿಸಿದ ಹಕ್ಕನ್ನು, ಅವರು ತಂದ ಯಂತ್ರವು ಬಾಗಿಲಲ್ಲಿ ಹಿಡಿಸದ ಕಾರಣ, ತಿರಸ್ಕರಿಸಲಾಗಿದೆ.

(ಆ) ತೇಗಿನ ನಿಷೇಧವನ್ನು ಹಿಂಪಡೆಯಲಾಗಿದೆ. ಸಂಸ್ಥೆಗೆ ಸೇರದವರು ಮೆಟ್ಟಿಲಲ್ಲಿ ತೇಗಿದರೆ ಪ್ರವೇಶ ಬಯಸಿದ್ದಾರೆಂದು ಪರಿಗಣಿಸಿ ಟೀಚರ್ ಕೈಗೆ ಒಪ್ಪಿಸಲಾಗುವುದು.

(ಇ) ಇನ್ನು ಮುಂದೆ ಕೀಲಿ ತಿರುಗಿಸುವ ಮೊದಲು ಬಾಗಿಲನ್ನು ತಳ್ಳಿ ನೋಡತಕ್ಕದ್ದು, ದಿನವೂ ನೋಡತಕ್ಕದ್ದು. ಈ ಸೂಚನೆ ಕೇಳಿ ನಿದ್ರಾ ಸಂಶೋಧನಾ ಸಂಸ್ಥೆಯವರು ತಮ್ಮ ಬಾಗಿಲನ್ನು ತಳ್ಳಿ ಕ್ಯಾಂಟೀನಿನ ಹಿಟ್ಟಿನ ಮೂಟೆಗಳ ಮೇಲೆ ಬಿದ್ದಿದ್ದು, ಅಲ್ಲಿಯೇ ನಿದ್ರೆ ಮುಂದುವರಿಸಿರುತ್ತಾರೆ.

(ಈ) ಬದಲಿ ವ್ಯವಸ್ಥೆಯಾಗುವವರೆಗೆ ಈ ವಿಭಾಗವು ಲಿಫ್ಟಿನಲ್ಲಿಯೇ ಕಾರ್ಯನಿರ್ವಹಿಸುತ್ತದೆ. ಸಾರ್ವಜನಿಕರು ವಿಭಾಗವನ್ನು ಹುಡುಕಿಕೊಂಡು ಬರಬೇಕಾಗಿಲ್ಲ. ಗುಂಡಿ ಒತ್ತಿದರೆ ವಿಭಾಗವೇ ಬರುತ್ತದೆ. ಇಂಥ ಸೇವೆ ಮೂರು ಲೋಕದಲ್ಲೂ ಇಲ್ಲ. ದೂರುಗಳನ್ನು ಮಹಡಿ ಬರುವುದರೊಳಗೆ ಮುಗಿಸತಕ್ಕದ್ದು. ಏಕಕಾಲಕ್ಕೆ ಎಂಟಕ್ಕಿಂತ ಹೆಚ್ಚು ದೂರುದಾರರು ಹತ್ತಿದಲ್ಲಿ ವಿಭಾಗವು ಗಂಟೆ ಬಾರಿಸಿ ನಿಂತುಬಿಡುತ್ತದೆ.

(ಸಹಿ ಇದೆ, ಎರಡನೆಯ ಮತ್ತು ಮೂರನೆಯ ಮಹಡಿಗಳ ನಡುವೆ ಹಾಕಿದ್ದರಿಂದ ಉದ್ದವಾಗಿದೆ)
ಮುಖ್ಯಸ್ಥರು, ಸ್ಥಳ ನಿಗದಿ ವಿಭಾಗ
ಹಾಲಿ ವಿಳಾಸ: ಮೇಲೆ ಹೋಗುತ್ತಿದೆ

ಪ್ರತಿಗಳು:
೧. ಮಾನ್ಯತಾ ತಪಾಸಣಾ ತಂಡದ ಅಧ್ಯಕ್ಷರಿಗೆ, ತಮ್ಮ ಮೊಣಕೈಗೆ ಮುಖ್ಯಸ್ಥರ ಪಕ್ಕೆ ತಾಗಿದ ಬಗ್ಗೆ ಕ್ಷಮೆ ಕೋರಿ. ಯಾರು ಮೊದಲು ತಳ್ಳಿದರೆಂಬುದು ತನಿಖೆಯಲ್ಲಿದೆ.
೨. ಸಂಖ್ಯಾಶಾಸ್ತ್ರಜ್ಞರಿಗೆ, ಇನ್ನು ಮನೆಗೆ ನೇರವಾಗಿ ಹೋಗಬಹುದೆಂಬ ಮಾಹಿತಿಗಾಗಿ.
೩. ಜೀರ್ಣಾಂಗ ಸಂಸ್ಥೆಗೆ, ಅರಗಿಸಿಕೊಳ್ಳಲು.
೪. ಗಾರೆಯವರಿಗೆ, ಮುಂದಿನ ಗೋಡೆ ಒಡೆಯುವಾಗ ದಯವಿಟ್ಟು ನಮಗೂ ಹೇಳಿ.
೫. ತೇಗಿನ ಟೀಚರಿಗೆ, ಮೊಳೆಯ ಕಡತವನ್ನು ಮುಕ್ತಾಯಗೊಳಿಸಿದ ಬಗ್ಗೆ.
೬. ಕಂಡಕ್ಟರ್ ಅವರ ಹೆಂಡತಿಗೆ, ಗಟ್ಟಿಯಾಗಿ ಓದಬೇಕಾಗಿಲ್ಲ, ಮೆಲ್ಲಗೆ ಓದಿದರೂ ನೆಲಮಹಡಿಗೆ ಕೇಳಿಸುತ್ತದೆ.
೭. ಕಂಡಕ್ಟರ್ ಅವರಿಗೆ, ಸಭಾಂಗಣದ ಒಂದು ಮೂಲೆಯಲ್ಲಿ ಈ ವಿಭಾಗದ ಮೇಜು, ಬೀರು ಹಾಗೂ ಮುಖ್ಯಸ್ಥರಿಗೆ ಜಾಗವಿದೆಯೇ ಎಂಬುದನ್ನು ಸ್ಲೇಟಿನ ಮೇಲೆ ಬರೆದು ತಿಳಿಸುವ ಕೋರಿಕೆಯೊಂದಿಗೆ.
೮. ಕಚೇರಿ ಪ್ರತಿ (ಲಿಫ್ಟಿನ ಸಂದಿಯಲ್ಲಿ ಬಿದ್ದಿದೆ).

ಷರಾ: ಪ್ರತಿ ೭ನ್ನು ತಲುಪಿಸಲಾಯಿತು. ಸದರಿ ಕಂಡಕ್ಟರ್ ಅವರು ಸ್ಲೇಟನ್ನು ವಿಭಾಗದ ಉಪಯೋಗಕ್ಕೆಂದು ಕೊಟ್ಟುಬಿಟ್ಟಿದ್ದು, ಉತ್ತರವನ್ನು ಬಾಯಿಯಲ್ಲೇ ನೀಡಿರುತ್ತಾರೆ: “ಹಿಂದೆ ಖಾಲಿ ಗಾಡಿ ಬರ್ತಾ ಇದೆ. ಅದ್ರಲ್ಲಿ ಬನ್ನಿ.”